ಐದನೆಯ ಹಾಳೆ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದಿನ ಗೋಡೆ
ಉಪ್ಪು ಉಣ್ಣುತ್ತದೆ, ಉಪ್ಪು ಕಕ್ಕುತ್ತದೆ.
ಮೊದಲು ಸಿಹಿನೀರಲ್ಲಿ ತೊಳಿ, ಅಂದಿದ್ದ ರೋಹಿದಾಸ,
ನಾಲಿಗೆ ತಾಗಿಸಿ ನೋಡು,
ಚಪ್ಪೆ ಅನ್ನಿಸಿದ ಮೇಲೆ ಬಣ್ಣದ ಮಾತು.
ನೆಕ್ಕಿದೆ.
ಧಕ್ಕೆಯ ನಾಯಿಯೊಂದು ನನ್ನನ್ನು ನೋಡಿ
ನಾಚಿಕೊಂಡು ಹೋಯಿತು.

ಮೂವತ್ತು ವರ್ಷ ಬೋಟುಗಳಿಗೆ ನಂಬರು ಬರೆದವನು,
ಬರೆದವನಲ್ಲ, ಕೊರೆದವನು,
ತಗಡಲ್ಲ, ರಟ್ಟಲ್ಲ, ಎಕ್ಸ್‌ರೇ ಹಾಳೆಯಲ್ಲಿ.
ನೀರು ಕುಡಿಯದು, ಬ್ಲೇಡಿಗೆ ಬೆಣ್ಣೆ.
ಆಸ್ಪತ್ರೆಯ ರದ್ದಿಯಿಂದ ಕಿಲೋ ಲೆಕ್ಕದಲ್ಲಿ ತಂದ
ಯಾರದೋ ಮೊಣಕೈ, ಯಾರದೋ ಸೊಂಟ,
ಯಾರದೋ ಎದೆಗೂಡಿನ ಮೇಲೆ ಎಂಟು, ಸೊನ್ನೆ, ಮೂರು.
ಅದನ್ನೇ ಹೊತ್ತು ಬಂಗಡೆಗೆ ಹೋದವು ಎಷ್ಟೋ ಬೋಟು.

ಸೊನ್ನೆ ಕೊರೆಯುವಾಗ ಹೇಳುತ್ತಿದ್ದ:
ಸುತ್ತ ಕತ್ತರಿಸಿದರೆ ನಡುವಿನದು ಉದುರುತ್ತದೆ ತಮ್ಮಾ.
ನಡುವಿನದು ದೇವಗಡ.
ಕಡಲಲ್ಲಿ ಅದು ತಾನೇ ನಿಲ್ಲುತ್ತದೆ, ಹಾಳೆಯಲ್ಲಿ ನಿಲ್ಲದು.
ಸೇತುವೆ ಬಿಡು, ಕಾಳಿ ನದಿಗೆ ಹಾಕಿದ ಹಾಗೆ,
ಸಪೂರ, ಎರಡು ಕಡೆ.
ಕನ್ನಡ ಕೊರೆಯುವುದು ಇನ್ನೂ ತ್ರಾಸು,
ಬಹಳ ಅಕ್ಷರದ ಹೊಟ್ಟೆಯಲ್ಲಿ ಒಂದೊಂದು ದ್ವೀಪ,
'ಠ'ಕ್ಕಂತೂ ದ್ವೀಪದೊಳಗೆ ಕೆರೆ.

ನಾನೀಗ ಕೊರೆದದ್ದು ನಂಬರಲ್ಲ. ಶೇವಂತಿಯ ಮುಖ.
ಇದೇ ಫ್ಯಾಕ್ಟರಿಯಲ್ಲಿ ಐಸ್ ಪುಡಿ ಮಾಡುವ ಶೇವಂತಿ ಮಾಜಾಳಿಕರ,
ಅವಳೇ ತೆಗೆದು ಕಳಿಸಿದ ಸೆಲ್ಫಿ.
ಝೆರಾಕ್ಸ್ ಅಂಗಡಿಯಲ್ಲಿ ಬಣ್ಣ ಕಳೆದು, ಬೂದಿ ಮಾಡಿ,
ಬೂದಿಯನ್ನು ಐದು ಪಾಲು ಮಾಡಿ
ಐದು ಎಲುಬಿನ ಹಾಳೆಗೆ ಅಂಟಿಸಿದೆ.
ಪ್ರತಿ ಹಾಳೆಯ ಮೂಲೆಗೂ ಊದುಬತ್ತಿಯ ಕಿಡಿಯಲ್ಲಿ ತೂತು,
ತೂತಿನ ಮೇಲೆ ತೂತು ಕೂರಬೇಕು,
ನೂಲೆಳೆ ತಪ್ಪಿದರೆ ಕಣ್ಣು ಕೆನ್ನೆಗೆ ಇಳಿಯುತ್ತದೆ.

ಬೆಳಗಿನ ಆರು ಗಂಟೆ. ಯಾವ ಕಡೆ ಬೀಸಲಿ ಎಂದು
ಗಾಳಿ ಇನ್ನೂ ತೀರ್ಮಾನಿಸಿಲ್ಲ.
ಡಬ್ಬಿಯೊಳಗಿನ ಗೋಲಿಯನ್ನು ಟಕಟಕ ನೂರೆಣಿಸಿ,
ಗೋಡೆಯಿಂದ ಒಂದು ಗೇಣು ದೂರ.
ಕೈ ನಿಲ್ಲಬಾರದು, ನಿಂತಲ್ಲಿ ಬಣ್ಣ ಅಳುತ್ತದೆ.
ಹಗುರ, ಒಣಗಲು ಬಿಟ್ಟು ಮತ್ತೆ ಹಗುರ,
ಕ್ಷೌರದವ ಕತ್ತಿಗೆ ಪೌಡರು ಹಚ್ಚಿದಷ್ಟು.

ಮೊದಲ ಹಾಳೆ, ಅತಿ ತಿಳಿಯದು:
ಮುಖವಲ್ಲ, ಮುಖದಷ್ಟು ಜಾಗ.
ಎರಡನೆಯದು ಬೇಯದ ಸೀಗಡಿಯ ಬೂದು, ಕೆನ್ನೆಯ ಗುಮಾನಿ.
ಮೂರಕ್ಕೆ ಮೂಗು ಎದ್ದು ಕೂತಿತು.
ನಾಲ್ಕಕ್ಕೆ ಹುಬ್ಬಿನಡಿಯ ನಿದ್ದೆ,
ಎರಡು ಪಾಳಿ ಮಾಡಿದವಳ ನಿದ್ದೆ.
ಹಾಳೆಯಿಂದ ಹಾಳೆಗೆ ತೂತು ಸಣ್ಣದಾಗುತ್ತ
ಹೆಂಗಸು ದೊಡ್ಡವಳಾಗುತ್ತಾಳೆ.

ಐದನೆಯದು ಕಪ್ಪು.
ಈ ಹಾಳೆ ರದ್ದಿಯದಲ್ಲ.
ಚೌತಿಯ ಹಿಂದಿನ ವಾರ ಅವನೇ ಚೀಲದಿಂದ ತೆಗೆದು ಕೊಟ್ಟದ್ದು:
ಡಾಕ್ಟರು ಓದಿ ಮುಗಿಸಿದ್ದಾರೆ, ನೀನು ಕೊರಿ.
ಮೂಗಿಗೆ ಬಟ್ಟೆ ಕಟ್ಟದೆ ಮೂವತ್ತು ವರ್ಷ ಎಳೆದ ಬಣ್ಣ
ಪಕ್ಕೆಲುಬುಗಳ ನಡುವೆ,
ಹಾಳೆಯನ್ನು ಗೋಡೆಗೆ ಸರಿಯಾಗಿ ಒತ್ತದಿದ್ದರೆ
ಅಂಚಿನಡಿ ನುಗ್ಗುತ್ತದಲ್ಲ, ಅಂಥ ಮಸುಕು.
ನನ್ನ ಮೂಗಿನ ಬಟ್ಟೆಗೆ ಇನ್ನೊಂದು ಗಂಟು ಬಿಗಿದೆ.

ಮೂಗುಬೊಟ್ಟಿಗೆ ಮಾತ್ರ ಸೇತುವೆ ಬಿಟ್ಟಿರಲಿಲ್ಲ,
ಬಿಟ್ಟರೆ ಮೂಗಿಗೇ ಗೆರೆ.
ಉದ್ದಿನ ಕಾಳಿನಷ್ಟು ಫಿಲ್ಮಿನ ಚೂರು,
ಬುತ್ತಿಯ ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿ
ಕಪ್ಪು ಹೊಡೆದೆ. ಎಣಿಸದೆ ಕಾದೆ. ಎತ್ತಿದೆ.

ಏಳಕ್ಕೆ ಪಾಳಿಗೆ ಬಂದಳು ಶೇವಂತಿ.
ಗೋಡೆ ನೋಡಿದಳು, ತನ್ನ ಮೂಗು ಮುಟ್ಟಿದಳು.
ಬೊಟ್ಟು ಬಲಕ್ಕೆ ಬಂತಲ್ಲೋ, ನನ್ನದು ಎಡ!
ಸೆಲ್ಫಿ ತಿರುಗಿಸಿಡುತ್ತದೆ ಎಂಬುದು ಹೊಳೆದಿರಲಿಲ್ಲ ನನಗೆ,
ಐದು ಹಾಳೆ, ಹನ್ನೊಂದು ರಾತ್ರಿ.
ಇರಲಿ ಬಿಡು, ಅಂದಳು ಅವಳು,
ಕನ್ನಡಿಯಲ್ಲಿ ದಿನಾ ಸಿಗುವವಳು ಇವಳೇ,
ಎಡದವಳನ್ನು ನಾನು ನೋಡಿದ್ದಾದರೂ ಯಾವಾಗ.

ಬಲೆಯ ಹಗ್ಗಕ್ಕೆ ಸಿಕ್ಕಿಸಿದ ಐದನೆಯ ಹಾಳೆಯ ಮುಂದೆ ನಿಂತಳು.
ತನ್ನ ಕಣ್ಣಿನ ತೂತು, ಸುತ್ತ ಎಲುಬು.
ಯಾರದು?
ನಂಬರಿನವನದು, ಅಂದೆ.

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.
ಬಿಸಿಲಿಗೆ ಹಾಕಬೇಡ ಮಾರಾಯ, ಸೊಟ್ಟಗಾಗುತ್ತದೆ, ಎಂದು
ಬಿಡಿಸಿ ಒಳಗೆ ಒಯ್ದು
ಐಸಿನ ಗೋಣಿಗಳ ಪಕ್ಕ, ನೆರಳಿಗೆ ಆನಿಸಿಟ್ಟಳು.